ಸಂಜೆ ಆರರಿಂದ ಎಂಟು

ಟೈಲರಣ್ಣ ಆಸ್ಪತ್ರೆಯಿಂದ ಊರಿಗೆ ಮರಳಿದ ದಿನ ಮನೆಯಲ್ಲಿ ಹಬ್ಬದ ಅಡುಗೆ. ಅತ್ತೆ ಒಬ್ಬಟ್ಟು ಮಾಡಿದ್ದರು. ಭಾವಮೈದ ಹೊಸ ಶರಟು ತಂದಿದ್ದ, ಅದೂ ರೆಡಿಮೇಡ್! ಇಪ್ಪತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದವನಿಗೆ ರೆಡಿಮೇಡ್ ಶರಟು ಕೊಟ್ಟರೆ ನಗಬೇಕೋ ಅಳಬೇಕೋ ತಿಳಿಯದೆ ಆತ ಅದನ್ನೇ ತೊಟ್ಟು ಕುಳಿತ. ನೋಡಲು ಬಂದವರದೆಲ್ಲ ಒಂದೇ ಮಾತು: "ಇನ್ನೇನಪ್ಪಾ, ಎಲ್ಲ ಸರಿಹೋಯ್ತಲ್ಲ." ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ ಇರಬೇಕು. ಅದೆಷ್ಟೋ ಕುಲಾವಿ ಹೊಲಿದಿದ್ದ ಟೈಲರಣ್ಣನಿಗೆ ಮಾತ್ರ ಒಳಗೊಳಗೇ ಪುಕುಪುಕು.

ತುಮಕೂರು ಜಿಲ್ಲೆಯ ಆ ತಾಲ್ಲೂಕು ಪಟ್ಟಣದಲ್ಲಿ ಆತನ ಕೈಗುಣಕ್ಕೆ ಹೆಸರಿತ್ತು. ಕುಡಿತಕ್ಕೂ ಇತ್ತು. ಸಾರಾಯಿ ಇದ್ದಾಗ ಸಾರಾಯಿ, 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಅಗ್ಗದ ವಿಸ್ಕಿ ಪ್ಯಾಕೆಟ್ಟು. ಮೊದಮೊದಲು ಸಂಜೆ ಮಾತ್ರ. ಆಮೇಲೆ ಬೆಳಿಗ್ಗೆಯೂ ಬೇಕಾಯಿತು. ಏಕೆಂದರೆ ಕುಡಿಯದಿದ್ದರೆ ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಒಂದು ನೈಂಟಿ ಒಳಗೆ ಹೋದರೆ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ದುಡಿಯುವುದಕ್ಕಾಗಿ ಕುಡಿಯಬೇಕು, ಕುಡಿಯುವುದಕ್ಕಾಗಿ ದುಡಿಯಬೇಕು ಎಂಬಲ್ಲಿಗೆ ಬಂದು ನಿಂತಿತು ಬದುಕು. ಮದುವೆ ಮುಗಿದ ಮೇಲೆ ಮದುಮಗಳ ರವಿಕೆ ಕೈಗೆ ಸಿಕ್ಕ ಉದಾಹರಣೆಗಳೂ ಉಂಟು. ಗಿರಾಕಿಗಳು ಒಬ್ಬೊಬ್ಬರಾಗಿ ಎದುರು ಸಾಲಿನ ಹುಡುಗನ ಅಂಗಡಿಗೆ ಹೋದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ವಾರ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದರೆ ಮೊದಲ ನಾಲ್ಕೈದು ದಿನ ಅಪಾಯದ್ದು. ಬೆವರು, ನಡುಕ, ಕೆಲವರಿಗೆ ಫಿಟ್ಸ್, ಕೆಲವರಿಗೆ ಸನ್ನಿ. ಹಾಗಾಗಿ ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಸಲ್ಲದು, ವೈದ್ಯರ ಕಣ್ಣೆದುರು ಇರಬೇಕು. ಮಾತ್ರೆ, ಬಿ-1 ವಿಟಮಿನ್ ಚುಚ್ಚುಮದ್ದು ಎಲ್ಲ ಆಯಿತು. ಎರಡನೇ ವಾರ ಊಟ ಸೇರಿತು, ಮೂರನೇ ವಾರ ಕೈ ನಿಂತಿತು. ಹೊರಡುವ ದಿನ ಡಾಕ್ಟರಮ್ಮ ಹೇಳಿದರು: "ನಮ್ಮ ಕೆಲಸ ಸುಲಭದ್ದು, ಆಯ್ತು. ನಿಮ್ಮದು ಈಗ ಶುರು. ಮೈಯಿಂದ ಹೆಂಡ ಇಳಿಯೋಕೆ ವಾರ ಸಾಕು. ಮನಸ್ಸಿಂದ ಇಳಿಯೋಕೆ ತಿಂಗಳುಗಳು ಬೇಕು. ತಪ್ಪದೆ ಬಂದು ತೋರಿಸ್ತಾ ಇರಿ."

ಆ ಮಾತಿನ ಅರ್ಥ ತಿಳಿದದ್ದು ಊರಿಗೆ ಬಂದ ಮೂರನೇ ಸಂಜೆ. ಹಗಲೆಲ್ಲ ಮಿಷನ್ ತುಳಿದರೆ ಹೊತ್ತು ಹೋಗುತ್ತಿತ್ತು. ಸಂಜೆ ಆರಾಗುತ್ತಲೇ ಎದೆಯೊಳಗೆ ಏನೋ ಕರೆದಂತೆ. ಆರರಿಂದ ಎಂಟರವರೆಗಿನ ಆ ಎರಡು ಗಂಟೆಯನ್ನು ಏನು ಮಾಡಬೇಕೆಂದು ಆತನಿಗೆ ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅದು ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಮೀಸಲಾಗಿತ್ತು. ಗೆಳೆಯರೇನೂ ಕೆಟ್ಟವರಲ್ಲ. "ಬಾರೋ, ನಾವು ಕುಡೀತೀವಿ, ನೀನು ಸೋಡಾ ಕುಡಿ" ಎಂದು ಪ್ರೀತಿಯಿಂದಲೇ ಕರೆದರು. ಆತ ತಲೆತಗ್ಗಿಸಿಕೊಂಡು ಕೆರೆ ಏರಿಯ ಮೇಲೆ ಸುತ್ತಿ ಬಳಸಿ ಮನೆ ಸೇರಿದ.

ಮನೆಯಲ್ಲಿ ಆರನೇ ಕ್ಲಾಸಿನ ಮಗಳು ಓಡಿಬಂದು ಕೈಚೀಲ ಇಸಿದುಕೊಳ್ಳುತ್ತಿದ್ದಳು. ಇಸಿದುಕೊಳ್ಳುವಾಗ ತೀರ ಹತ್ತಿರ ನಿಂತು ಒಂದು ಸಲ ಉಸಿರೆಳೆಯುತ್ತಿದ್ದಳು. ವಾಸನೆ ನೋಡುತ್ತಿದ್ದಾಳೆಂದು ಅಪ್ಪನಿಗೆ ಗೊತ್ತು. ಅಪ್ಪನಿಗೆ ಗೊತ್ತೆಂದು ಮಗಳಿಗೂ ಗೊತ್ತು. ಇಬ್ಬರೂ ಆಡುತ್ತಿರಲಿಲ್ಲ. ಹೆಂಡತಿ ರಾತ್ರಿ ಶರಟಿನ ಜೇಬು ತಡಕುತ್ತಿದ್ದಳು. ಕುಡಿಯದೇ ಇದ್ದರೂ ಕುಡುಕನೇ ಎಂದಮೇಲೆ ಬಿಟ್ಟು ತಾನೇ ಏನು ಬಂತು ಎಂದು ಒಂದೊಂದು ರಾತ್ರಿ ಅನ್ನಿಸಿದ್ದುಂಟು.

ಹೀಗಿರುವಾಗ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಪ್ಯಾಂಟು ಬಿಗಿ ಮಾಡಿಸಲು ಬಂದರು. ಅಳತೆ ಕೊಡುತ್ತಾ ಮೆಲ್ಲಗೆ ಕೇಳಿದರು: "ಶನಿವಾರ ಸಂಜೆ ಆರಕ್ಕೆ ಬಿಡುವಿದೆಯೇನಪ್ಪಾ?" ಊರೇ ಕೈಮುಗಿಯುತ್ತಿದ್ದ ಮೇಷ್ಟ್ರು ಹದಿನೈದು ವರ್ಷದ ಹಿಂದೆ ತನ್ನ ಹಾಗೇ ನಡುಗುತ್ತಿದ್ದರೆಂದು ಟೈಲರಣ್ಣನಿಗೆ ಅಂದೇ ತಿಳಿದದ್ದು.

ಶಾಲೆಯ ಒಂದು ಕೋಣೆ. ಎರಡನೇ ಕ್ಲಾಸಿನ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತ ಒಂಬತ್ತು ಗಂಡಸರು. ಒಬ್ಬ ಲಾರಿ ಡ್ರೈವರು, ಒಬ್ಬ ಬ್ಯಾಂಕಿನ ಜವಾನ, ಒಬ್ಬರು ಕೊಬ್ಬರಿ ಮಂಡಿಯ ಸಾಹುಕಾರರು. ಜಾತಿ ಕೇಳುವವರಿಲ್ಲ, ಫೀಸಿಲ್ಲ, ಉಪದೇಶವಿಲ್ಲ. ಒಬ್ಬೊಬ್ಬರಾಗಿ ಹೆಸರು ಹೇಳಿ, ತಾನು ಕುಡಿತದ ಕಾಯಿಲೆಯವನೆಂದು ಹೇಳಿ, ಆ ವಾರ ಹೇಗೆ ಕಳೆಯಿತೆಂದು ಹೇಳುತ್ತಿದ್ದರು. ಕೊನೆಗೆ ಟೀ. ಗಡಿಯಾರ ನೋಡಿದರೆ ಏಳೂ ಮುಕ್ಕಾಲು! ಕೆರೆ ಏರಿ ಸುತ್ತದೆ, ಹಲ್ಲು ಕಚ್ಚದೆ ಕಳೆದ ಮೊದಲ ಸಂಜೆ ಅದು.

ಅದು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ. ಜನ ಎಎ ಮೀಟಿಂಗ್ ಎನ್ನುತ್ತಾರೆ. ಅದು ಹುಟ್ಟಿದ ಕಥೆಯನ್ನು ಮೇಷ್ಟ್ರು ದಾರಿಯಲ್ಲಿ ಹೇಳಿದರು. ಬಿಲ್ ವಿಲ್ಸನ್ ಎಂಬಾತ ನ್ಯೂಯಾರ್ಕಿನ ಷೇರುಪೇಟೆಯವನು. 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿ ಕುಡಿತ ಬಿಟ್ಟ. ಐದು ತಿಂಗಳ ನಂತರ ವ್ಯವಹಾರದ ಮೇಲೆ ಏಕ್ರನ್ ಎಂಬ ಊರಿಗೆ ಹೋದಾಗ ಕೆಲಸ ಕೆಟ್ಟಿತು. ಸಂಜೆ ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದಾನೆ. ಒಂದು ಕಡೆ ಬಾರಿನ ಗಲಗಲ, ಇನ್ನೊಂದು ಕಡೆ ಟೆಲಿಫೋನು. ಆತ ಟೆಲಿಫೋನಿನ ಕಡೆ ನಡೆದ. ತನ್ನಂಥವನೇ ಇನ್ನೊಬ್ಬನೊಡನೆ ಮಾತಾಡಿದರೆ ಮಾತ್ರ ಉಳಿದೇನು ಎಂದು ಅಲ್ಲಿ ಇಲ್ಲಿ ಕೇಳಿ, ಡಾಕ್ಟರ್ ಬಾಬ್ ಸ್ಮಿತ್ ಎಂಬ ಕುಡುಕ ಶಸ್ತ್ರವೈದ್ಯರನ್ನು ಹುಡುಕಿದ. ಕಾಲು ಗಂಟೆಗೆಂದು ಕೂತವರು ಗಂಟೆಗಟ್ಟಲೆ ಮಾತಾಡಿದರು. "ನೋಡು, ಅವನದ್ದೂ ನಿನ್ನ ಹಾಗೇ ಆಸ್ಪತ್ರೆ ಬಿಟ್ಟ ಮೇಲಿನ ಕಷ್ಟವೇ. ಅವನು ಡಾಕ್ಟರನ್ನು ಉದ್ಧಾರ ಮಾಡೋಕೆ ಹೋದದ್ದಲ್ಲ, ತಾನು ಉಳಿಯೋಕೆ ಹೋದದ್ದು," ಎಂದರು ಮೇಷ್ಟ್ರು.

ಇದೊಂದೇ ದಾರಿ ಎಂದಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರಿಗೂ ನವಜೀವನ ಸಮಿತಿಗಳಿವೆ. ಶಿಬಿರ ಮುಗಿದ ಮೇಲೂ ಸೇರುತ್ತಿರಬೇಕೆಂಬ ವಿವೇಕ ಅಲ್ಲಿಯೂ ಇದೆ. ಮನೆಯವರಿಗೂ ಇಂಥ ಕೂಟ ಬೇಕೆಂದು ಬಿಲ್ಲನ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬಳ ಜೊತೆ ಅಲ್-ಅನಾನ್ ಕಟ್ಟಿದಳು. ಈ ಊರಿನಲ್ಲಿ ಅದಿರಲಿಲ್ಲ. ಆದರೆ ಮೇಷ್ಟ್ರ ಹೆಂಡತಿ ಇದ್ದರು. ಅವರು ಒಂದು ಮಧ್ಯಾಹ್ನ ಎಲೆಅಡಿಕೆ ಹಾಕಿಕೊಳ್ಳುತ್ತಾ ಹೇಳಿದ ಮೇಲೆ ಟೈಲರಣ್ಣನ ಹೆಂಡತಿ ಜೇಬು ತಡಕುವುದನ್ನು ಬಿಟ್ಟಳು. "ಕಾವಲು ಕಾದ್ರೆ ಕುಡಿಯೋರು ನಿಲ್ಲಲ್ಲ ಕಣಮ್ಮ. ನಾನು ಹನ್ನೆರಡು ವರ್ಷ ಕಾದು ನೋಡಿದೀನಿ."

ಏಳನೇ ತಿಂಗಳಿಗೆ ಯುಗಾದಿ. ಹಬ್ಬದ ದಿನ ಬೇವುಬೆಲ್ಲದಲ್ಲಿ ಕಳೆಯಿತು. ಮರುದಿನ ಹೊಸತೊಡಕು. ಊರೆಲ್ಲ ಬಾಡೂಟ, ಇಸ್ಪೀಟು, ಬಾಟಲಿ. ಷಡ್ಡಕನ ತೋಟದಲ್ಲಿ ಯಾರೋ ಗ್ಲಾಸು ಕೈಗಿಟ್ಟರು. "ವರ್ಷಕ್ಕೊಂದು ದಿನ, ಏನಾಗಲ್ಲ ತಗೋ." ಒಂದು ಗುಟುಕು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮನಸ್ಸು "ಹೇಗೂ ಕೆಟ್ಟಾಯಿತಲ್ಲ" ಎಂದಿತು. ಆ ಮಾತೇ ಗುಟುಕಿಗಿಂತ ಕೆಟ್ಟದ್ದು. ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಾಟ್ 1980ರ ದಶಕದಲ್ಲೇ ಇದನ್ನು ವಿವರಿಸಿದ್ದರು: ಮೊದಲ ಜಾರುವಿಕೆ ಒಂದು, ಪೂರ್ತಿ ಬೀಳುವುದು ಬೇರೊಂದು, ನಡುವೆ ನಿಂತು ತಳ್ಳುವುದು ತಪ್ಪಿತಸ್ಥ ಭಾವನೆ. ಟೈಲರಣ್ಣ ಮೂರು ದಿನ ಕುಡಿದ. ಮಗಳು ಕೈಚೀಲ ಇಸಿದುಕೊಳ್ಳಲು ಬರಲಿಲ್ಲ.

ಭಾವಮೈದ ಉಪಾಯ ತಂದ: ಯಾರಿಗೂ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಮಾತ್ರೆ. ಹೆಂಡತಿ ಆಸ್ಪತ್ರೆಗೆ ಫೋನು ಮಾಡಿ ಕೇಳಿದಳು. ಡಾಕ್ಟರಮ್ಮ ಗದರಿದರು. ಡೈಸಲ್ಫಿರಾಂ ಎಂಬ ಆ ಮಾತ್ರೆಯ ಮೇಲೆ ಕುಡಿದರೆ ಪ್ರಾಣಕ್ಕೇ ಅಪಾಯ. ತೆಗೆದುಕೊಳ್ಳುವವನಿಗೆ ತಿಳಿದು, ಅವನು ಒಪ್ಪಿ, ವೈದ್ಯರು ಪರೀಕ್ಷಿಸಿಯೇ ಕೊಡಬೇಕಾದದ್ದು.

ನಾಲ್ಕನೇ ದಿನ ಬೆಳಿಗ್ಗೆ ಮೇಷ್ಟ್ರು ಬಂದರು. ಯಾಕೆ ಕುಡಿದೆ ಎನ್ನಲಿಲ್ಲ. ಜಗಲಿಯ ಮೇಲೆ ಕುಳಿತು ಕಾಫಿ ಕುಡಿದು, ಏಕ್ರನ್ ಕಥೆಯ ಉಳಿದ ಅರ್ಧ ಹೇಳಿದರು. ಆ ಡಾಕ್ಟರ್ ಬಾಬ್ ಕೂಡ ಬಿಟ್ಟ ಕೆಲವೇ ವಾರಕ್ಕೆ ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೆ ಕಂಠಪೂರ್ತಿ ಕುಡಿದು ಬಂದಿದ್ದರು. ಆಮೇಲೆ ಅವರು ಕೊನೆಯ ಗುಟುಕು ಕುಡಿದ ದಿನ 1935ರ ಜೂನ್ 10. ಎಎ ತನ್ನ ಹುಟ್ಟಿದ ದಿನವೆಂದು ಲೆಕ್ಕ ಹಿಡಿಯುವುದು ಅದನ್ನೇ. "ಬಿದ್ದು ಎದ್ದ ದಿನವೇ ಹುಟ್ಟಿದ ದಿನ ಕಣಯ್ಯಾ. ಏಳು, ಮುಖ ತೊಳಿ. ಬೆಂಗಳೂರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ."

ಅವರೇ ಜೊತೆಗೆ ಹೋಗಿ ಡಾಕ್ಟರಮ್ಮನಿಗೆ ತೋರಿಸಿ ಕರೆತಂದರು. ಆ ಶನಿವಾರ ಟೈಲರಣ್ಣ ಪುಟ್ಟ ಬೆಂಚಿನಲ್ಲಿ ಕುಳಿತು, "ಏಳು ತಿಂಗಳಾಗಿತ್ತು. ಇವತ್ತಿಗೆ ಐದು ದಿನ" ಎಂದ. ಯಾರೂ ನಗಲಿಲ್ಲ. ಲಾರಿ ಡ್ರೈವರು ಟೀ ಲೋಟ ಮುಂದೆ ನೂಕಿದ.

ಇದಾಗಿ ಮೂರು ವರ್ಷ ಕಳೆದಿದೆ. "ಇನ್ನೂ ಹೋಗಬೇಕೇನೋ ಅಲ್ಲಿಗೆ?" ಎಂದು ಭಾವಮೈದ ಆಗಾಗ ಕೇಳುತ್ತಾನೆ. ಟೈಲರಣ್ಣ ಶನಿವಾರ ಐದೂವರೆಗೆ ಅಂಗಡಿ ಬಾಗಿಲು ಎಳೆಯುವುದನ್ನು ಬಿಟ್ಟಿಲ್ಲ. ಹೊಸತೊಡಕಿನ ದಿನ ಒಂಬತ್ತು ಮಂದಿಯೂ ಮೇಷ್ಟ್ರ ಮನೆಯಲ್ಲಿ ಉಣ್ಣುವುದೆಂದು ಗೊತ್ತುಪಾಡಾಗಿದೆ. ಹೊಸದಾಗಿ ಬಂದ ಒಬ್ಬ ಹುಡುಗ ಟೀ ಲೋಟ ಹಿಡಿಯಲಾರದೆ ನಡುಗುವಾಗ ಟೈಲರಣ್ಣ ಲೋಟದ ಅಡಿಗೆ ತನ್ನ ಅಂಗೈ ಕೊಡುತ್ತಾನೆ. ಉಳಿದ ಸಂಜೆಗಳಿಗೆ ಮೊಬೈಲಿನಲ್ಲಿ ಒಬ್ಬರಿಗೊಬ್ಬರು.

ಮೊನ್ನೆ ಸಂಜೆ ಮನೆಗೆ ಬಂದಾಗ, ಈಗ ಒಂಬತ್ತನೇ ಕ್ಲಾಸಿನಲ್ಲಿರುವ ಮಗಳು ಲೆಕ್ಕ ಮಾಡುತ್ತಾ ಕುಳಿತಿದ್ದಳು. ತಲೆಯೆತ್ತದೆ, "ಅಲ್ಲೇ ಇಡಪ್ಪ" ಎಂದಳು. ಟೈಲರಣ್ಣ ಕೈಚೀಲ ಹಿಡಿದು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತ. ಆಮೇಲೆ ತಾನೇ ಅದನ್ನು ಗೂಟಕ್ಕೆ ತಗುಲಿಹಾಕಿ, ಕಾಲು ತೊಳೆಯಲು ಹೋದ.