ರಾತ್ರಿ ಪಾಳಿಗೆ ಒಪ್ಪಿಸುವಾಗ

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶ. ರಾತ್ರಿ ಹತ್ತಕ್ಕೆ ಇನ್ನು ಹತ್ತು ನಿಮಿಷ. ಔಷಧಿಗೆ ಬೇಕಾದ ರಾಸಾಯನಿಕ ತಯಾರಿಸುವ ಕಾರ್ಖಾನೆಯೊಂದರ ಗೇಟಿನಲ್ಲಿ ನಿಂತಿದ್ದೀರಿ. ಗಾಳಿ ತಿರುಗಿದಾಗೆಲ್ಲ ಘಾಟು ಮೂಗಿಗೆ ಹೊಡೆಯುತ್ತದೆ. ಕಾವಲುಗಾರ ಕೈ ಚಾಚುತ್ತಾನೆ. ಮೊಬೈಲು ಅವನಿಗೆ ಕೊಟ್ಟೇ ಒಳಗೆ ಹೋಗಬೇಕು. ದ್ರಾವಕದ ಆವಿ ಇರುವ ಕಡೆ ಒಂದು ಸಣ್ಣ ಕಿಡಿಯೂ ಸಾಕು.

ಕಬ್ಬಿಣದ ಮೆಟ್ಟಿಲು ಹತ್ತಿದರೆ ರಿಯಾಕ್ಟರುಗಳ ಸಾಲು. ಪಾಳಿ ಮುಗಿಸಿದ ಹುಡುಗ ಹೆಲ್ಮೆಟ್ ಕಳಚುತ್ತಿದ್ದಾನೆ. ಬಿ.ಎಸ್ಸಿ. ಓದಿದವ, ವಯಸ್ಸು ಇಪ್ಪತ್ತನಾಲ್ಕಿರಬಹುದು. ಅವನ ಜಾಗಕ್ಕೆ ಬಂದವರು ತಲೆ ನೆರೆತ ಆಪರೇಟರು, ಎಲ್ಲರಿಗೂ ಕಾಕಾ.

"ಬ್ರೈನ್ ವಾಲ್ವಿಂದು ಹೊರಗ ಹೋಗಿ ಗ್ರೂಪಿಗೆ ಹಾಕ್ತೀನ್ರಿ ಕಾಕಾ, ನೋಡ್ಕೋರಿ."

"ನನ್ನ ಫೋನ್ ಗೇಟಿನಾಗ ಅದಲೋ. ಮುಂಜಾನಿ ಆರಕ್ಕ ನೋಡ್ಲೇನು? ಬಾಯಿಲೆ ಹೇಳು."

ಹುಡುಗ ತಡೆಯುತ್ತಾನೆ. ಬ್ರೈನ್ ಅಂದರೆ ರಿಯಾಕ್ಟರನ್ನು ತಂಪಾಗಿಸುವ ಉಪ್ಪುನೀರು; ಅದರ ವಾಲ್ವು ಪೂರಾ ತೆರೆಯುತ್ತಿಲ್ಲ, ತಂಪು ಸಾಲುತ್ತಿಲ್ಲ, ಉಷ್ಣತೆ ನಿಧಾನಕ್ಕೆ ಏರುತ್ತಿದೆ. ಕಾಕಾನ ಮುಖ ಗಂಭೀರವಾಗುತ್ತದೆ. ಅವರು ಸ್ಕ್ರೂಡ್ರೈವರಿನ ತುದಿಯನ್ನು ರಿಯಾಕ್ಟರಿನ ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚುತ್ತಾರೆ. "ಬೇರಿಂಗೂ ಹೋಗಲತ್ತದ. ನಾಕು ದಿನದಿಂದ ಸಪ್ಪಳ ಬದಲಾಗ್ಯಾದ."

"ನಾಕು ದಿನ? ಲಾಗ್‌ಬುಕ್ಕಿನಾಗ ಏನೂ ಇಲ್ಲಲ್ರಿ! ನೀವು ಬರೀಲಿಲ್ಲಂದ್ರ ನಮಗ ಹ್ಯಾಂಗ ತಿಳೀಬೇಕು?"

"ಫಿಟ್ಟರಗ ಬಾಯಿಲೆ ಹೇಳೀನಪ್ಪಾ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಅವನ ಮಾತು ಗೇಟಿನ ಆಚೆ, ಇವರ ಮಾತು ಗಾಳಿಯಲ್ಲಿ. ಕೆಲಸಕ್ಕೆ ಬರುವ ಜಾಗದಲ್ಲಿ ಎರಡೂ ಇರಲಿಲ್ಲ.

ಇಂಥದ್ದರ ಬೆಲೆ ಏನೆಂದು ಜಗತ್ತು ಕಂಡಿದೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ದುರಸ್ತಿಗೆಂದು ಒಂದು ಪಂಪಿನ ಸುರಕ್ಷಾ ವಾಲ್ವು ಬಿಚ್ಚಿದ್ದರು. ಆ ಸುದ್ದಿ ರಾತ್ರಿ ಪಾಳಿಗೆ ಮುಟ್ಟಲಿಲ್ಲ. ಅವರು ಅದೇ ಪಂಪನ್ನು ಚಾಲೂ ಮಾಡಿದರು. 167 ಜನ ಸತ್ತರು.

ಗಡಿಯಾರ ಹತ್ತು ದಾಟಿದೆ. ಹುಡುಗ ಹೊರಡುವ ಹವಣಿಕೆಯಲ್ಲಿದ್ದಾನೆ. ಕಾಕಾನ ಪ್ರಕಾರ ಪಾಳಿ ಒಪ್ಪಿಸದೆ ಹೋಗುವುದು ಕೆಲಸಕ್ಕೆ ಮಾಡುವ ಅವಮಾನ. ಹುಡುಗನ ಲೆಕ್ಕದಲ್ಲಿ ಹತ್ತರ ನಂತರದ ನಿಮಿಷಕ್ಕೆ ಯಾರೂ ಪಗಾರ ಕೊಡುವುದಿಲ್ಲ. ಅವನನ್ನು ಸೋಮಾರಿ ಎನ್ನಲು ನನಗೆ ಮನಸ್ಸಿಲ್ಲ. ನಿಗದಿತ ಅವಧಿ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಹಿರಿಯರು ಸುಮ್ಮನಿದ್ದುದನ್ನು ಈ ತಲೆಮಾರು ಬಾಯಿಬಿಟ್ಟು ಕೇಳುತ್ತಿದೆ.

ಆದರೂ ಅವನು ನಿಲ್ಲುತ್ತಾನೆ. ಲಾಗ್‌ಬುಕ್ ತೆರೆದು, "ಸಪ್ಪಳ ಹ್ಯಾಂಗದ, ಹೇಳ್ರಿ ಕಾಕಾ, ಬರೀತೀನಿ" ಎನ್ನುತ್ತಾನೆ. ಕಾಕಾ ಸ್ಕ್ರೂಡ್ರೈವರ್ ಅವನ ಕೈಗೆ ಕೊಡುತ್ತಾರೆ: "ಮೊದಲು ಕೇಳು."

ಕೊಳಾರದ ಕಾರ್ಖಾನೆ ನಡೆಸುವವರಲ್ಲಿ ಒಂದೇ ಬೇಡಿಕೆ. ಎರಡು ಪಾಳಿಯವರೂ ಎದುರುಬದುರು ನಿಂತು ಮಾತಾಡಲು, ಬರೆಯಲು ಹದಿನೈದು ನಿಮಿಷ ಕೊಡಿ. ಆ ಹದಿನೈದು ನಿಮಿಷಕ್ಕೂ ಪಗಾರ ಕೊಡಿ.