ಕಾಯುವುದೂ ಕಾಯಕವೇ

ಶರಣರ ಧರ್ಮದಲ್ಲಿ ಗಳಿಕೆಗೆ ಕಾಯಕವೆಂದೂ ಹಂಚಿಕೆಗೆ ದಾಸೋಹವೆಂದೂ ಹೆಸರು. ಇವೆರಡರ ನಡುವೆ, ಗಳಿಸಿದ್ದನ್ನು ಸದ್ವಿನಿಯೋಗವಾಗುವವರೆಗೆ ಜೋಪಾನ ಮಾಡುವ ಕರ್ತವ್ಯವೂ ಒಂದುಂಟು. ಅದನ್ನು ಕುರಿತು ನಾವು ಚಿಂತಿಸುವುದು ವಿರಳ.

ನನ್ನ ಮಗಳ ಸಂಸಾರ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿದೆ. ಅಲ್ಲಿಗೆ ಗ್ಯಾಸಿನ ಕೊಳವೆ ತಲುಪಿಲ್ಲ. ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಮನೆಗಳು ಚಳಿಗಾಲವನ್ನು ಎಣ್ಣೆಯ ಬಲದಿಂದಲೇ ಕಳೆಯುತ್ತವೆ. ಆ ಎಣ್ಣೆ ಬೇರೇನಲ್ಲ, ಹಿಂದೆ ನಾವು ಪಡಿತರ ಅಂಗಡಿಯಿಂದ ಡಬ್ಬಿಯಲ್ಲಿ ತರುತ್ತಿದ್ದ ಸೀಮೆಎಣ್ಣೆಯ ಜಾತಿಯದೇ. ಹಿತ್ತಲಿನ ಟ್ಯಾಂಕಿನಲ್ಲಿ ಸಾವಿರ ಲೀಟರಿಗೂ ಮೇಲ್ಪಟ್ಟು ತುಂಬಿಸಿಡುತ್ತಾರೆ. 2022ರ ಮಾರ್ಚಿನಲ್ಲಿ, ಯುಕ್ರೇನ್ ಯುದ್ಧ ಆರಂಭವಾದ ಬೆನ್ನಿಗೇ, ಅದರ ಬೆಲೆ ದುಪ್ಪಟ್ಟಿಗೂ ಮೀರಿ ಏರಿತು. ಒಂದು ರಾತ್ರಿ ಕಳ್ಳರು ಮಗಳ ಮನೆಯ ಟ್ಯಾಂಕನ್ನು ಕೊರೆದು ಬರಿದು ಮಾಡಿದರು. ಹಸುಗೂಸಿನೊಡನೆ ಮೂರು ದಿನ ಆ ಮನೆ ಚಳಿಯಲ್ಲಿ ನಡುಗಿತು.

ದೂರವಾಣಿಯಲ್ಲಿ ಮಗಳು ಕೇಳಿದಳು: "ಅಪ್ಪಾ, ಹಸು ಕದ್ದ ಕಳ್ಳರಿಗೆ ಬಸವಣ್ಣನವರು ಕರುಗಳನ್ನೂ ಕೊಡಿಸಿದರೆಂದು ನೀವೇ ಹೇಳಿದಿರಿ. ನಾವೀಗ ಬೀಗ ಹಾಕುವುದು ತಪ್ಪೇ?"

ಪ್ರಶ್ನೆ ಸಣ್ಣದಲ್ಲ. ಆದರೆ ಕರುಗಳನ್ನು ಕೊಡಿಸಿದ ಆ ಮಹಾನುಭಾವರೇ ಬಿಜ್ಜಳನ ಭಂಡಾರಿಗಳೂ ಆಗಿದ್ದರೆಂಬುದನ್ನು ಮರೆಯಬಾರದು. ತಮ್ಮದನ್ನು ನಿರ್ಮೋಹದಿಂದ ಬಿಟ್ಟುಕೊಟ್ಟ ಕೈಯೇ ತಮಗೆ ಒಪ್ಪಿಸಿದ್ದನ್ನು ನಿಷ್ಠೆಯಿಂದ ಕಾಯಿತು. ಕೂಸಿನ ಬೆಚ್ಚನೆಯ ಉಸಿರು ತಾಯಿಗೆ ಒಪ್ಪಿಸಿದ ಭಂಡಾರ. ಅದನ್ನು ದಾನ ಮಾಡುವ ಅಧಿಕಾರ ಅವಳಿಗಿಲ್ಲ. ಮೇಲಾಗಿ, ಕೊರೆದ ಟ್ಯಾಂಕಿನಿಂದ ಸೋರಿದ ಎಣ್ಣೆ ನೆರೆಯವರ ಮಣ್ಣನ್ನೂ ಅಂತರ್ಜಲವನ್ನೂ ಕೆಡಿಸುತ್ತದೆ.

ಆದ್ದರಿಂದ ಬೀಗ ಹಾಕುವುದು ಧರ್ಮವೇ ಎಂದೆ. ಅವರು ಮುಚ್ಚಳಕ್ಕೆ ಗಟ್ಟಿ ಬೀಗ ಹಾಕಿಸಿದರು. ಎಣ್ಣೆಯ ಮಟ್ಟ ಒಮ್ಮೆಲೇ ಇಳಿದರೆ ಕೂಗಿ ಎಚ್ಚರಿಸುವ ಸಾಧನವನ್ನೂ, ಮನುಷ್ಯರ ಸುಳಿವಿಗೆ ಹೊತ್ತಿಕೊಳ್ಳುವ ದೀಪವನ್ನೂ ಇಟ್ಟರು. ಟ್ಯಾಂಕನ್ನು ರಸ್ತೆಯ ಕಣ್ಣಿಗೆ ಮರೆಯಾಗಿ, ಮನೆಯ ಕಿಟಕಿಗೆ ಕಾಣುವಂತೆ ಸರಿಸಿದರು. ಬೆಂಕಿಯ ಭಯದಿಂದಾಗಿ ಮನೆಗೂ ಅದಕ್ಕೂ ಸಾಮಾನ್ಯವಾಗಿ 1.8 ಮೀಟರ್ ಅಂತರವಿರಬೇಕು, ಇಲ್ಲವೇ ನಡುವೆ ಬೆಂಕಿ ತಡೆಯುವ ಗೋಡೆಯಿರಬೇಕು. ಆ ನಿಯಮವನ್ನು ಪಾಲಿಸಿದರು. ಸುತ್ತ ಮುಳ್ಳುಬೇಲಿ ಬೆಳೆಸಿದರು. ಒಮ್ಮೆಗೇ ತುಂಬಿಸದೆ ಸ್ವಲ್ಪಸ್ವಲ್ಪವಾಗಿ ತರಿಸುತ್ತಾರೆ. ವಾರಕ್ಕೊಮ್ಮೆ ಮಟ್ಟ ನೋಡಿ ಬರೆದಿಡುತ್ತಾರೆ. ವಿಮೆಯಲ್ಲಿ ಎಣ್ಣೆಯ ಕಳವೂ ಸೋರಿಕೆಯ ಶುದ್ಧೀಕರಣವೂ ಸೇರಿವೆಯೇ ಎಂದು ವಿಚಾರಿಸಿಕೊಂಡರು.

ಇವೆಲ್ಲಕ್ಕಿಂತ ದೊಡ್ಡ ಕಾವಲು ನೆರೆಹೊರೆ. ಆ ನಾಡಿನ ಹಲವು ಹಳ್ಳಿಗಳಲ್ಲಿ ಮನೆಗಳವರು ಕೂಡಿ ಒಟ್ಟಾಗಿ ಎಣ್ಣೆ ತರಿಸುವ ಪದ್ಧತಿಯಿದೆ. ಇದರಿಂದ ಬೆಲೆಯೂ ತಗ್ಗುತ್ತದೆ. ಎಣ್ಣೆಯ ಲಾರಿ ಬರುವ ದಿನ ಎಲ್ಲರಿಗೂ ತಿಳಿದಿರುವುದರಿಂದ, ಅನ್ಯ ದಿನ ಅಪರಿಚಿತ ವಾಹನ ಬಂದರೆ ಹತ್ತು ಕಣ್ಣುಗಳು ಗಮನಿಸುತ್ತವೆ. ಮಗಳ ಮನೆಯವರೂ ಅಂಥ ಕೂಟ ಸೇರಿದ್ದಾರೆ.

ನಾನು ಇನ್ನೊಂದು ಮಾತನ್ನೂ ಸೇರಿಸಿದೆ: "ಬೀಗ ಟ್ಯಾಂಕಿಗಿರಲಿ, ತಲೆಬಾಗಿಲಿಗೆ ಬೇಡ. ಎಣ್ಣೆ ಕೊಳ್ಳಲಾರದ ವೃದ್ಧರು ನೆರೆಯಲ್ಲಿದ್ದರೆ ಕರೆದು ಬೆಚ್ಚನೆಯ ಕೋಣೆಯಲ್ಲಿ ಕೂಡಿಸು." ಕದ್ದವನಿಗೆ ದಕ್ಕಬಾರದು, ಕೇಳಿದವನಿಗೆ ಇಲ್ಲವೆನ್ನಬಾರದು. ಮಕ್ಕಳು ಯಾವ ದೇಶದಲ್ಲಿದ್ದರೂ ಕಾಯಕ-ದಾಸೋಹಗಳ ಈ ಸಮತೂಕವನ್ನು ಅವರಿಗೆ ಕಲಿಸುವುದು ಹಿರಿಯರಾದ ನಮ್ಮ ಹೊಣೆ.