ಕೈಗೆ ಕಾಣುವ ಒಳಚರಂಡಿ

ಕಟ್ಟಿಕೊಂಡ ಪೈಪಿನೊಳಗೆ ಉಕ್ಕಿನ ಕೇಬಲ್ಲು ತಿರುಗುತ್ತ ಸಾಗುವಾಗ ಅದರ ಮೇಲೆ ಕೈಯಿಟ್ಟು ನಿಂತರೆ ನೆಲದಡಿಯ ಸಂಗತಿಯೆಲ್ಲ ಅಂಗೈಗೆ ತಿಳಿಯುತ್ತದೆ. ಎಣ್ಣೆ ಜಿಡ್ಡಾದರೆ ಕೇಬಲ್ಲು ಒಂದಿಷ್ಟು ತಡೆದು ಮೆತ್ತಗೆ ಒಳಗಿಳಿಯುತ್ತದೆ. ಮರದ ಬೇರಾದರೆ ಬಿಗಿದುಕೊಳ್ಳುತ್ತದೆ, ಹುರಿಗೊಳ್ಳುತ್ತದೆ, ಇನ್ನೇನು ನಿಂತೇ ಹೋಯಿತು ಅನ್ನುವಾಗ ಬೇರು ಕತ್ತರಿಸಿ ಸರಕ್ಕನೆ ಸಡಿಲವಾಗುತ್ತದೆ. ಮಂಜುಗಡ್ಡೆಯಾದರೆ ಕಟಕಟ ಕುಣಿಯುತ್ತದೆಯೇ ಹೊರತು ಒಂದಂಗುಲ ಮುಂದೆ ಹೋಗುವುದಿಲ್ಲ. ಕೆನಡಾದ ವಿನಿಪೆಗ್‌ನಲ್ಲಿ ಒಳಚರಂಡಿ ಬಿಡಿಸುವುದು ನನ್ನ ಕಸುಬು. ಅದರಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅಂಗೈಯ ಈ ಓದು.

ಈ ಊರು ಕೂತಿರುವುದು ಅಗಾಸಿ ಎಂಬ ಹಿಮಯುಗದ ಮಹಾಸರೋವರದ ತಳದ ಮೇಲೆ. ಸರೋವರ ಬತ್ತಿ ಸಾವಿರಾರು ವರ್ಷಗಳಾದವು, ಅದರ ಅಂಟು ಜೇಡಿಮಣ್ಣು ಮಾತ್ರ ಉಳಿದಿದೆ. ಇಲ್ಲಿಯವರು ಅದಕ್ಕೆ ಗಂಬೊ ಅನ್ನುತ್ತಾರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೀಗೆ ಅದು ಮಗ್ಗುಲು ಬದಲಿಸಿದಾಗೆಲ್ಲ ಹಳೆಯ ಮನೆಗಳ ಸುಟ್ಟಮಣ್ಣಿನ ಪೈಪುಗಳ ಜೋಡಣೆ ಕದಲುತ್ತದೆ. ಸಂದಿ ಬಿಟ್ಟಲ್ಲಿ ಬೀದಿಯ ಎಲ್ಮ್ ಮರದ ಎಳೆಬೇರು ನುಸುಳಿ, ಒಳಗಿನ ತೇವ, ಗೊಬ್ಬರ ಉಂಡು ಪೈಪು ತುಂಬ ಹಬ್ಬುತ್ತದೆ. ಎಲ್ಮ್‌ಗಳು ಈ ಊರಿನ ಹೆಮ್ಮೆ. ಬೇಸಿಗೆಯಲ್ಲಿ ಬೀದಿಗೆ ಬೀದಿಯೇ ಅವುಗಳ ನೆರಳಿನಲ್ಲಿರುತ್ತದೆ. ಬೇರು ಕತ್ತರಿಸುತ್ತೇನೆಯೇ ಹೊರತು ಮರವನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಕತ್ತರಿಯ ಅಲಗು ಬೇರಿನ ಬದಲು ಬೂದುಬಣ್ಣದ ಗಂಬೊ ಮೆತ್ತಿಕೊಂಡು ಹೊರಬಂದರೆ ಪೈಪು ಒಡೆದಿದೆ ಎಂದರ್ಥ. ಅಲ್ಲಿಗೆ ಯಂತ್ರ ನಿಲ್ಲಿಸಬೇಕು. ಮುಂದಿನದು ಅಗೆಯುವವರ ಕೆಲಸ.

ಕೇಬಲ್ಲು ತಿರುಗಿಸುವ ಈ ಯಂತ್ರವನ್ನು ಕಟ್ಟಿದ ಸ್ಯಾಮ್ಯುಯೆಲ್ ಬ್ಲಾಂಕ್ ಬಗ್ಗೆ ನನಗೆ ತುಂಬ ಗೌರವ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮಗನ ಮನೆಯ ಚರಂಡಿ ಬೇರು ತುಂಬಿ ಕಟ್ಟಿಕೊಂಡಾಗ, ಆತ ಬಟ್ಟೆ ಒಗೆಯುವ ಯಂತ್ರದ ಮೋಟರು, ಚಕ್ರ, ಉಕ್ಕಿನ ಕೇಬಲ್ಲು ಸೇರಿಸಿ ಅದನ್ನು ಮಾಡಿದ. ಮುಂದೆ ಅದೇ ರೊಟೊ-ರೂಟರ್ ಆಯಿತು. ಅಲ್ಲಿಯವರೆಗೆ ಸಾಮಾನ್ಯವಾಗಿ ಅಂಗಳ ಅಗೆಯಬೇಕಾಗುತ್ತಿತ್ತು. ಇಂದಿನ ಯಂತ್ರವೂ ಮೂಲದಲ್ಲಿ ಅದೇ: ಡ್ರಮ್ಮು, ಕೇಬಲ್ಲು, ತುದಿಗೆ ಅಲಗು, ಕಾಲಡಿ ಪೆಡಲ್ಲು. ಪೆಡಲಿನಿಂದ ಕಾಲೆತ್ತಿದರೆ ಯಂತ್ರ ನಿಲ್ಲುತ್ತದೆ. ಚರ್ಮದ ಕೈಗವಸು ತಪ್ಪಿಸುವಂತಿಲ್ಲ. ಪೈಪಿನ ಬಾಯಿಗೂ ಯಂತ್ರಕ್ಕೂ ನಡುವೆ ಕೇಬಲ್ಲು ಸಡಿಲ ಬಿಡಬಾರದು. ಬಿಟ್ಟರೆ ಅದು ಸುರುಳಿ ಎದ್ದು ಕೈ ಮುರಿಯಬಲ್ಲದು. ಮೈನಸ್ ಮೂವತ್ತರ ಬೆಳಗ್ಗೆ ವ್ಯಾನಿನಿಂದ ಇಳಿಸಿದ ಕೇಬಲ್ಲಿಗೆ ಹಿಂದಿನ ಮನೆಯ ನೀರು ಹೆಪ್ಪುಗಟ್ಟಿ ಅಂಟಿರುತ್ತದೆ. ಬೇಸ್‌ಮೆಂಟಿನ ಬೆಚ್ಚಗೆ ಅದು ಮೈ ಸಡಿಲಿಸುವ ತನಕ ನಾನು ಮನೆಯವರನ್ನು ಮಾತಾಡಿಸುತ್ತೇನೆ. ಟಾಯ್ಲೆಟ್ಟಿನ ನೀರು ಬಿಟ್ಟಾಗ ಸಿಂಕು ಗುಳುಗುಳು ಅನ್ನುತ್ತದೆಯೇ? ನೀರು ಮೊದಲು ಕಾಣಿಸಿದ್ದು ನೆಲದ ಡ್ರೈನಿನಲ್ಲೋ, ಸ್ನಾನದ ತೊಟ್ಟಿಯಲ್ಲೋ? ಅರ್ಧ ರೋಗ ಈ ಉತ್ತರಗಳಲ್ಲೇ ಪತ್ತೆಯಾಗುತ್ತದೆ.

ಗುಳುಗುಳು ಸದ್ದು ಕೇಳಿದರೆ ನಾನು ಮೊದಲು ಸಂಶಯಪಡುವುದು ಚಾವಣಿಯನ್ನು. ಒಳಚರಂಡಿಗೆ ಉಸಿರಾಡಲು ಚಾವಣಿಯ ಮೇಲೊಂದು ಗಾಳಿ ಕೊಳವೆ ಇರುತ್ತದೆ. ಕೆಳಗಿನ ಬೆಚ್ಚನೆಯ ಹಬೆ ಅದರ ಬಾಯಿಗೆ ಬಂದು, ಹೊರಗಿನ ಚಳಿ ತಾಕಿ, ಸುತ್ತಲೂ ಹಿಮ ಕಟ್ಟುತ್ತ ಕೊನೆಗೆ ಬಾಯಿ ಮುಚ್ಚಿಹೋಗುತ್ತದೆ. ಆಗ ನೀರು ಇಳಿಯುವಾಗ ಗಾಳಿ ಸಿಗದೆ, ಸಿಂಕಿನಡಿಯ ಟ್ರ್ಯಾಪಿನಲ್ಲಿ ನಾತ ತಡೆಯಲು ನಿಂತ ನೀರನ್ನೇ ಎಳೆದುಕೊಳ್ಳುತ್ತದೆ. ಮನೆಯೊಳಗೆ ನಾತ ಏಳುತ್ತದೆ. ಇಂಥಲ್ಲಿ ಕೇಬಲ್ಲಿಗೆ ಏನೂ ಕೆಲಸವಿಲ್ಲ.

ಮಂಜುಗಡ್ಡೆಯ ಕೆಲಸವೂ ನನಗೆ ಮೆಚ್ಚು. 2014ರ ಚಳಿಗಾಲದಲ್ಲಿ ಇಲ್ಲಿ ಹಿಮ ನೆಲದೊಳಗೆ ಎರಡು ಮೀಟರಿಗೂ ಆಳ ಇಳಿದು ಎರಡು ಸಾವಿರಕ್ಕೂ ಹೆಚ್ಚು ಮನೆಗಳ ನಲ್ಲಿ ನೀರು ಹೆಪ್ಪುಗಟ್ಟಿತ್ತು. ನಲ್ಲಿಯನ್ನು ಪೆನ್ಸಿಲ್ ದಪ್ಪಕ್ಕೆ ಹಗಲೂ ರಾತ್ರಿ ಬಿಟ್ಟಿರಿ ಎಂದು ನಗರಸಭೆ ಹೇಳಬೇಕಾಯಿತು. ಒಳಚರಂಡಿ ಅಷ್ಟು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ, ಅದರ ನೀರು ಬೆಚ್ಚಗಿರುತ್ತದೆ. ಅಡಿಗೆ ಕಾಲು ಇಂಚು ವಾಟ ಇದ್ದರೆ ಅದು ನಿಲ್ಲದೆ ಸಾಗುತ್ತದೆ. ಅಪಾಯ ಇರುವುದು ವಾಟ ತಪ್ಪಿ ಪೈಪು ಜೋತಲ್ಲಿ, ತೊಟ್ಟಿಕ್ಕುವ ನಲ್ಲಿಯಲ್ಲಿ, ಮನೆ ಬೆಚ್ಚಗಿಡುವ ಫರ್ನೇಸಿನಿಂದ ಹನಿಹನಿಯಾಗಿ ಇಳಿಯುವ ನೀರಿನಲ್ಲಿ. ಮೇಣದಲ್ಲಿ ಬತ್ತಿ ಅದ್ದಿ ತೆಗೆದ ಹಾಗೆ ಮಂಜುಗಡ್ಡೆ ಪದರದ ಮೇಲೆ ಪದರ ಕಟ್ಟಿ ಪೈಪು ಮುಚ್ಚುತ್ತದೆ. ಅದಕ್ಕೆ ಅಲಗು ಹಾಕಬಾರದು. ತೆಳ್ಳನೆಯ ಹೋಸಿನಲ್ಲಿ ಬಿಸಿನೀರು ಹಾಯಿಸುತ್ತ, ಮರಳಿ ಬರುವ ನೀರನ್ನು ಹೀರಿ ತೆಗೆಯುತ್ತ, ಹೋಸನ್ನು ಅಂಗುಲ ಅಂಗುಲ ಮುಂದೆ ದೂಡಬೇಕು. ಪ್ಲಾಸ್ಟಿಕ್ ಪೈಪು ಮೆತ್ತಗಾಗುತ್ತದಾದ್ದರಿಂದ ಕುದಿಯುವ ನೀರು ಕೂಡದು. ಮಧ್ಯಾಹ್ನವೆಲ್ಲ ಹೀಗೇ ಕಳೆದು, ಕಡೆಗೊಮ್ಮೆ ನಿಂತ ನೀರೆಲ್ಲ ಗೊಳಕ್ಕೆಂದು ಹೊರಟುಹೋಗುವ ಸದ್ದಿದೆಯಲ್ಲ, ಅದು ಕೇಳಲಿಕ್ಕಾಗಿಯೇ ನಾನು ಈ ಕಸುಬಿನಲ್ಲಿದ್ದೇನೆ ಎನಿಸುತ್ತದೆ. ಆಮೇಲೆ ಕ್ಯಾಮೆರಾ ಇಳಿಸಿ ನೋಡುತ್ತೇನೆ. ಅದರ ತಲೆಯಲ್ಲಿ 512 ಹರ್ಟ್ಸ್‌ನ ಪುಟ್ಟ ಪ್ರಸಾರಕ ಇರುತ್ತದೆ. ಮೇಲೆ ಹಿಮದಲ್ಲಿ ಗ್ರಾಹಕ ಹಿಡಿದು ನಡೆದರೆ ಪೈಪು ಜೋತ ಜಾಗ, ಆಳ ಎರಡೂ ಸಿಗುತ್ತವೆ.

‘ಓದಿದವನು ನೀನು, ಇಂಥ ಕೆಲಸ ಯಾಕೋ?’ ಎಂದು ಊರಿನಿಂದ ಅತ್ತೆ ಫೋನಿನಲ್ಲಿ ಕೇಳಿದ್ದುಂಟು. ಆ ಪ್ರಶ್ನೆಯಲ್ಲಿರುವುದು ಕೊಳೆಯ ಭಯವಲ್ಲ, ಜಾತಿಯ ಭಯ. ನಮ್ಮಲ್ಲಿ ಈ ಕೆಲಸವನ್ನು ಕೆಲವರ ಹುಟ್ಟಿಗೆ ಕಟ್ಟಿಹಾಕಿದೆವು, ಅವರ ಕೈಗೆ ಯಂತ್ರವನ್ನೂ ಕೊಡಲಿಲ್ಲ. ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದರ ವಿರುದ್ಧ ಬದುಕಿಡೀ ಹೋರಾಡುತ್ತ ಬಂದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಕ್ಷಣೆಯಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಆದರೂ ಇಳಿಸುತ್ತಾರೆ, ಇಳಿದವರು ಸಾಯುತ್ತಾರೆ. ಗುಂಡಿಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೊದಲು ಮೂಗನ್ನೇ ಮಂಕಾಗಿಸುತ್ತದೆ. ವಾಸನೆ ಇಲ್ಲವೆಂದು ಇಳಿದವನು ಮೇಲೆ ಬರುವುದಿಲ್ಲ. ಇಲ್ಲಿ ವಿನಿಪೆಗ್‌ನಲ್ಲಿ ಅನಿಲ ಅಳೆಯುವ ಉಪಕರಣ, ಗಾಳಿ ಹಾಯಿಸುವ ವ್ಯವಸ್ಥೆ, ಮೇಲೆ ಕಾವಲಿಗೊಬ್ಬರು ಇಲ್ಲದೆ ಇಳಿಯುವಂತಿಲ್ಲ. ನಾನಂತೂ ಮನೆಗಳ ಕೆಲಸದವನು, ಇಳಿಯುವ ಪ್ರಸಂಗವೇ ಇಲ್ಲ. ಕೇಬಲ್ಲು ಹೋಗುತ್ತದೆ, ನಾನು ಹೊರಗಿರುತ್ತೇನೆ. ಈ ಸುಖ, ಈ ಸಂಬಳ, ಕೆಲಸ ಮುಗಿದ ಮೇಲೆ ಅದೇ ಮನೆಯವರು ಅವರದೇ ಲೋಟದಲ್ಲಿ ಕೊಡುವ ಬಿಸಿ ಕಾಫಿ ನಮ್ಮೂರಿನ ಪೌರಕಾರ್ಮಿಕರಿಗೂ ಸಲ್ಲಬೇಕು.

ಚಳಿನಾಡಿನಲ್ಲಿ ಮನೆ ಮಾಡಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಹಪ್ಪಳ ಕರಿದ ಎಣ್ಣೆ, ಬಾಣಲೆಯ ತಳದ ತುಪ್ಪ ಸಿಂಕಿಗೆ ಸುರಿಯಬೇಡಿ; ತಣ್ಣನೆಯ ಪೈಪಿನಲ್ಲಿ ಅವು ಜಿಡ್ಡಾಗಿ ಗಟ್ಟಿಯಾಗುತ್ತವೆ. ತೊಟ್ಟಿಕ್ಕುವ ನಲ್ಲಿಗಳನ್ನು ಹಿಮ ಬೀಳುವ ಮೊದಲೇ ರಿಪೇರಿ ಮಾಡಿಸಿ. ಬೇಸ್‌ಮೆಂಟಿನ ನೆಲದಲ್ಲಿ ಮುಚ್ಚಳ ಹಾಕಿದ ಕ್ಲೀನ್‌ಔಟ್, ಅಂದರೆ ಕೇಬಲ್ಲು ಇಳಿಸುವ ಪೈಪಿನ ಬಾಯಿ, ಎಲ್ಲಿದೆಯೆಂದು ಇವತ್ತೇ ಹುಡುಕಿ ನೋಡಿ, ಅದರ ಮೇಲೆ ಅಕ್ಕಿ ಡಬ್ಬವನ್ನೋ ಕಪಾಟನ್ನೋ ಇಟ್ಟಿದ್ದರೆ ಅಕ್ಟೋಬರಿನೊಳಗೆ ಸರಿಸಿಬಿಡಿ.